ತೂತಿನ ರಟ್ಟಿಗೆ ಮಾತು ಕೊಟ್ಟ ಜಕಾರ್ಡ್

ಮಕ್ಕಳೇ, ರಾಮದುರ್ಗದ ನೇಕಾರರ ಓಣಿಯಲ್ಲಿ ಮಗ್ಗದ ಸದ್ದು ಕೇಳಿದ್ದೀರಾ? ಬೈಲಹೊಂಗಲ, ಕಿತ್ತೂರು, ಸವದತ್ತಿ ಕಡೆಯ ನೀವೂ ಜಾತ್ರೆ, ಮದುವೆಗಳಲ್ಲಿ ಹೂಬಳ್ಳಿಯ ಸೀರೆಗಳನ್ನು ನೋಡಿಯೇ ಇರುತ್ತೀರಿ. ಅಂಥ ಎಷ್ಟೋ ಸೀರೆಗಳಲ್ಲಿ ಹೂವನ್ನು ಬಣ್ಣದಿಂದ ಬರೆದಿರುವುದಿಲ್ಲ, ನೂಲಿನಲ್ಲೇ ನೇಯ್ದಿರುತ್ತಾರೆ. ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗೇ ಇರಬೇಕು ಎಂದು ಮಗ್ಗಕ್ಕೆ ಹೇಳುವವರು ಯಾರು? ಇದಕ್ಕೊಂದು ಜಾಣ ಉಪಾಯ ಕೊಟ್ಟವರು ಫ್ರಾನ್ಸ್ ದೇಶದ ಜೋಸೆಫ್ ಮರಿ ಜಕಾರ್ಡ್. ಅವರ ಬಗ್ಗೆ ತಿಳಿಯೋಣ ಬನ್ನಿ.

ಜಕಾರ್ಡ್ ಹುಟ್ಟಿದ್ದು 1752ರ ಜುಲೈ 7ರಂದು, ರೇಷ್ಮೆಗೆ ಹೆಸರಾದ ಲಿಯೋನ್ ನಗರದಲ್ಲಿ. ತಂದೆ ನೇಕಾರರು. ಬಾಲಕ ಜೋಸೆಫ್ ಶಾಲೆಗೆ ಹೋಗಲಿಲ್ಲ. 13 ವರ್ಷವಾಗುವವರೆಗೂ ಅವನಿಗೆ ಓದು ಬರಹ ಬರುತ್ತಿರಲಿಲ್ಲ. ಪುಸ್ತಕ ಮಾರುತ್ತಿದ್ದ ಅಕ್ಕನ ಗಂಡ ಅವನಿಗೆ ಅಕ್ಷರ ಕಲಿಸಿದರು. ಆ ಕಾಲದಲ್ಲಿ ಹೂವಿನ ರೇಷ್ಮೆ ನೇಯಲು ನೇಕಾರರೊಬ್ಬರೇ ಸಾಲುತ್ತಿರಲಿಲ್ಲ. ಪ್ರತಿ ಸಾಲಿಗೂ ಸರಿಯಾದ ದಾರಗಳನ್ನು ಹಿಡಿದು ಎಳೆಯಲು ಇನ್ನೊಬ್ಬರು ಬೇಕಿತ್ತು. ಬಹಳ ಸಲ ಈ ಕೆಲಸ ಮಕ್ಕಳ ಪಾಲಿಗೆ ಬರುತ್ತಿತ್ತು. ದಿನವಿಡೀ ಎಳೆದು ಎಳೆದು ಮೈಕೈ ನೋಯುತ್ತಿತ್ತು. ಒಂದು ದಾರ ತಪ್ಪಿದರೂ ಹೂವು ಕೆಡುತ್ತಿತ್ತು.

ಜಕಾರ್ಡ್ ಅವರ ಬಾಳು ಸುಖದ್ದಾಗಿರಲಿಲ್ಲ. ತಂದೆಯ ಆಸ್ತಿ ಕರಗಿತು. ಯುದ್ಧದಲ್ಲಿ ಮಗ ತೀರಿಕೊಂಡ. ಆದರೂ ಅವರು ಮಗ್ಗದ ಚಿಂತೆ ಬಿಡಲಿಲ್ಲ. ಬೂಶೋನ್, ಫಾಲ್ಕನ್, ವೋಕಾನ್ಸನ್ ಎಂಬ ಹಿಂದಿನವರ ಪ್ರಯೋಗಗಳ ಒಳ್ಳೆಯ ಅಂಶಗಳನ್ನು ಕೂಡಿಸಿ, 1804ರ ಸುಮಾರಿಗೆ ಹೊಸ ಯಂತ್ರವನ್ನು ಸಿದ್ಧಪಡಿಸಿದರು.

ಅದು ಕೆಲಸ ಮಾಡುವ ಬಗೆ ಹೀಗೆ. ಮಗ್ಗದ ಮೇಲೆ ತೂತು ಮಾಡಿದ ರಟ್ಟುಗಳ ಸರ ಇರುತ್ತದೆ. ಒಂದು ಸಾಲಿಗೆ ಒಂದು ರಟ್ಟು. ರಟ್ಟು ಬಂದು ಸೂಜಿಗಳ ಸಾಲಿಗೆ ಒತ್ತುತ್ತದೆ. ತೂತಿದ್ದಲ್ಲಿ ಸೂಜಿ ಒಳಗೆ ಹೋಗುತ್ತದೆ, ಅದರ ಕೊಕ್ಕೆ ಎಳೆಯನ್ನು ಮೇಲೆತ್ತುತ್ತದೆ. ತೂತಿಲ್ಲದಲ್ಲಿ ಸೂಜಿ ಹಿಂದೆ ಸರಿಯುತ್ತದೆ, ಎಳೆ ಕೆಳಗೇ ಉಳಿಯುತ್ತದೆ. ನಡುವೆ ಲಾಳಿ ಓಡುತ್ತದೆ. ಹೂವಿನ ಬದಲು ನವಿಲು ಬೇಕೇ? ಮಗ್ಗವನ್ನು ಬಿಚ್ಚಬೇಕಿಲ್ಲ, ರಟ್ಟಿನ ಸರ ಬದಲಿಸಿದರೆ ಸಾಕು!

ದಾರ ಎಳೆಯುವವರ ಕೆಲಸ ಹೋಯಿತು. ಹೊಟ್ಟೆಪಾಡಿಗೆ ಹೆದರಿದ ಲಿಯೋನಿನ ಕೆಲಸಗಾರರು ಜಕಾರ್ಡ್ ಅವರನ್ನು ದ್ವೇಷಿಸಿದರು. ಅವರ ಭಯ ಸುಳ್ಳಾಗಿರಲಿಲ್ಲ. ಆದರೂ ಮಗ್ಗ ದೇಶದೇಶಕ್ಕೆ ಹರಡಿತು. 1824ರಲ್ಲಿ ರಾಣಿ ಚೆನ್ನಮ್ಮ ಕಿತ್ತೂರಿನಲ್ಲಿ ಬ್ರಿಟಿಷರನ್ನು ಎದುರಿಸಿದಾಗ ಜಕಾರ್ಡ್ 72 ವರ್ಷದ ಮುದುಕರು. ಅವರು 1834ರ ಆಗಸ್ಟ್ 7ರಂದು ನಿಧನರಾದರು. ಹಿಂದೆ ದ್ವೇಷಿಸಿದ ಅದೇ ಲಿಯೋನಿನಲ್ಲಿ 1840ರಲ್ಲಿ ಅವರ ಪ್ರತಿಮೆ ನಿಂತಿತು.

ರಟ್ಟಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತಮ್ಮ ಲೆಕ್ಕದ ಯಂತ್ರಕ್ಕೆ ಇಂಥದೇ ರಟ್ಟುಗಳನ್ನು ಬಳಸಲು ಯೋಜಿಸಿದರು. ಅಮೆರಿಕದ 1890ರ ಜನಗಣತಿಯನ್ನು ಎಣಿಸಿದ್ದೂ ತೂತಿನ ರಟ್ಟುಗಳ ಸಹಾಯದಿಂದಲೇ.

ಇಂದಿನ ಕಂಪ್ಯೂಟರಿನಲ್ಲೂ ಈ ಉಪಾಯ ಇದೆ. ಜಾವಾ ಎಂಬ ಕಂಪ್ಯೂಟರ್ ಭಾಷೆ 1995ರಲ್ಲಿ ಬಂತು. ಶಾಲೆಯ ಅಂಕಪಟ್ಟಿ ತಯಾರಿಸುವ ತಂತ್ರಾಂಶವನ್ನು ಜಾವಾದಲ್ಲಿ ಬರೆದಿದ್ದಾರೆ ಎಂದುಕೊಳ್ಳಿ. ಎಷ್ಟು ಅಂಕಕ್ಕೆ ಯಾವ ಶ್ರೇಣಿ ಎಂಬ ನಿಯಮವನ್ನೂ ಅದರೊಳಗೇ ಸೇರಿಸಿಬಿಟ್ಟರೆ, ನಿಯಮ ಬದಲಾದಾಗಲೆಲ್ಲ ತಂತ್ರಾಂಶವನ್ನೇ ಮತ್ತೆ ಸಿದ್ಧಪಡಿಸಿ ಹಂಚಬೇಕು. ಅದರ ಬದಲು ನಿಯಮವನ್ನಷ್ಟೇ ಬೇರೆ ಸಣ್ಣ ಕಡತದಲ್ಲಿ ಬರೆದಿಡಬಹುದು. ಇದಕ್ಕೆ ಸ್ಕ್ರಿಪ್ಟ್ ಎನ್ನುತ್ತಾರೆ. ಅದನ್ನು ಓದಿ ನಡೆಸುವ ಭಾಗಕ್ಕೆ ಸ್ಕ್ರಿಪ್ಟ್ ಎಂಜಿನ್ ಎಂದು ಹೆಸರು. 2006ರಲ್ಲಿ ಬಂದ ಜಾವಾದ 6ನೇ ಆವೃತ್ತಿ ಇಂಥ ಎಂಜಿನ್ ಜೋಡಿಸಲು ಒಂದು ಸಮಾನ ವಿಧಾನವನ್ನು ಕೊಟ್ಟಿತು. ಈಗ ಹೋಲಿಸಿ ನೋಡಿ: ತಂತ್ರಾಂಶವೇ ಮಗ್ಗ, ಸ್ಕ್ರಿಪ್ಟೇ ರಟ್ಟು, ಎಂಜಿನ್ನೇ ಸೂಜಿ ಮತ್ತು ಕೊಕ್ಕೆ.

ಒಂದು ಎಚ್ಚರಿಕೆಯೂ ಬೇಕು. ತಪ್ಪು ರಟ್ಟು ಹಾಕಿದರೆ ಒಂದು ಸೀರೆ ಕೆಟ್ಟೀತು. ಗೊತ್ತಿಲ್ಲದವರು ಬರೆದ ಸ್ಕ್ರಿಪ್ಟನ್ನು ಒಳಗೆ ಬಿಟ್ಟರೆ ಎಲ್ಲ ಮಕ್ಕಳ ಅಂಕಗಳೂ ಕೆಡಬಹುದು. ಆದ್ದರಿಂದ ಸ್ಕ್ರಿಪ್ಟ್ ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂದು ಮೊದಲೇ ಗೆರೆ ಹಾಕಿರಬೇಕು.

ಮಾಡಿ ನೋಡಿ: ಚೌಕುಳಿ ಹಾಳೆಯಲ್ಲಿ 8 ಸಾಲು, ಸಾಲಿಗೆ 8 ಮನೆ ಗುರುತಿಸಿ. ಕೆಲವು ಮನೆ ತುಂಬಿ ಒಂದು ಹೂವು ಮಾಡಿ. ಗೆಳೆಯರಿಗೆ ಅದನ್ನು ತೋರಿಸದೆ, ತುಂಬಿದ ಮನೆಗೆ 1, ಖಾಲಿ ಮನೆಗೆ 0 ಎಂದು ಸಾಲುಸಾಲಾಗಿ ಓದಿ ಹೇಳಿ. ಅವರ ಹಾಳೆಯಲ್ಲೂ ಅದೇ ಹೂವು ಅರಳಿತೇ? ಹಾಗಾದರೆ ನೀವು ಜಕಾರ್ಡ್ ಅವರ ರಟ್ಟನ್ನು ಓದಲು ಕಲಿತಿರಿ!