ಮಕ್ಕಳ ಸಾಲಿನಲ್ಲಿ ಕುಳಿತ ಸಂತ ಇಗ್ನಾಸಿಯವರು

ಇನ್ನಾಸಪ್ಪನೆಂಬ ಹೆಸರು ನಮ್ಮ ಕ್ರೈಸ್ತ ಮನೆತನಗಳಿಗೆ ಹೊಸದಲ್ಲ. ಆ ಹೆಸರಿಗೆ ಮೂಲರಾದ ಲೊಯೋಲದ ಸಂತ ಇಗ್ನಾಸಿಯವರನ್ನು ಯೇಸುಸಭೆಯ ಸ್ಥಾಪಕರೆಂದು ಎಲ್ಲರೂ ಬಲ್ಲರು. ಅವರು ತಮ್ಮ 33ನೆಯ ವಯಸ್ಸಿನಲ್ಲಿ ಚಿಕ್ಕ ಹುಡುಗರೊಡನೆ ಕುಳಿತು ಲತೀನ್ ವ್ಯಾಕರಣದ ಮೊದಲ ಪಾಠಗಳನ್ನು ಬಾಯಿಪಾಠ ಮಾಡಿದ ಸಂಗತಿಯನ್ನು ಬಲ್ಲವರು ಕಡಿಮೆ.

1491ರಲ್ಲಿ ಬಾಸ್ಕ್ ನಾಡಿನ ಕುಲೀನ ಮನೆತನದಲ್ಲಿ ಹುಟ್ಟಿ, 1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡಿನಿಂದ ಕಾಲು ಮುರಿದುಕೊಂಡು, ಹಾಸಿಗೆಯಲ್ಲಿಯೇ ಮನಃಪರಿವರ್ತನೆ ಹೊಂದಿದವರು ಅವರು. 1523ರಲ್ಲಿ ಜೆರುಸಲೇಮಿಗೆ ಹೋದರು. ಅಲ್ಲಿ ನೆಲೆಸಲು ಅಪ್ಪಣೆ ದೊರೆಯಲಿಲ್ಲ. ಆತ್ಮಗಳಿಗೆ ನೆರವಾಗಬೇಕಾದರೆ ವಿದ್ಯೆ ಬೇಕೆಂದು ಮನಗಂಡು 1524ರಲ್ಲಿ ಬಾರ್ಸಿಲೋನಕ್ಕೆ ಮರಳಿದರು. ಅಂದಿನ ಉನ್ನತ ವಿದ್ಯೆಯೆಲ್ಲವೂ ಲತೀನಿನಲ್ಲಿಯೇ ಇತ್ತು. ಇಸಬೆಲ್ ರೋಸರ್ ಎಂಬ ಧರ್ಮಾತ್ಮೆ ಜೀವನಕ್ಕೆ ನೆರವಿತ್ತರು. ಆರ್ದೆವೋಲ್ ಎಂಬ ಉಪಾಧ್ಯಾಯರು ಹಣ ಕೇಳದೆ ಕಲಿಸಲು ಒಪ್ಪಿದರು.

ಲತೀನ್ ಕಲಿಯುವವನಿಗೆ ಮೊದಲು ಎದುರಾಗುವುದು ಆಮೋ, ಆಮಾಸ್, ಆಮಾತ್ ಎಂಬ ಕ್ರಿಯಾಪದ: ಪ್ರೀತಿಸುತ್ತೇನೆ, ಪ್ರೀತಿಸುತ್ತೀಯೆ, ಪ್ರೀತಿಸುತ್ತಾನೆ. ನಮ್ಮ ಕನ್ನಡದಂತೆಯೇ ಕೊನೆಯ ಪ್ರತ್ಯಯವೇ ಕರ್ತೃವನ್ನು ತಿಳಿಸುವುದರಿಂದ ನಾನು, ನೀನು ಎಂದು ಬೇರೆ ಹೇಳಬೇಕಿಲ್ಲ. ಪ್ರಶ್ನೆ ಕೇಳಬೇಕಾದರೂ ನಾವು ಪ್ರೀತಿಸುತ್ತೀಯಾ ಎಂದು ದೀರ್ಘವೆಳೆಯುವಂತೆ ಅಲ್ಲಿ ನೆ ಎಂಬ ಅಕ್ಷರವನ್ನು ಸೇರಿಸಿ ಆಮಾಸ್‌ನೆ ಎನ್ನುತ್ತಾರೆ. (ಎರಡನೆಯ ವ್ಯಾಟಿಕನ್ ಮಹಾಸಭೆಗೆ ಮುಂಚೆ ಪೀಠಬಾಲಕರಾಗಿದ್ದ ನಮ್ಮ ಹಿರಿಯರು ಅರ್ಥ ತಿಳಿಯದೆಯೇ ಲತೀನಿನಲ್ಲಿ ಗುರುಗಳಿಗೆ ಮರುನುಡಿಯುತ್ತಿದ್ದರು. ಅವರಿಗೆ ಈ ವಿವರ ಕೌತುಕವೆನಿಸೀತು.)

ಇಷ್ಟು ಸುಲಭದ ಪಾಠವೇ ಇಗ್ನಾಸಿಯವರಿಗೆ ಕಠಿಣವಾಯಿತು. ಬುದ್ಧಿ ಮಂದವೆಂದಲ್ಲ. ಬಾಯಿಪಾಠಕ್ಕೆ ಕುಳಿತೊಡನೆ ದೈವಿಕ ವಿಷಯಗಳ ಹೊಸ ಹೊಸ ಅರಿವು, ಅಪೂರ್ವ ಆನಂದ ಉಕ್ಕಿ ಬರುತ್ತಿದ್ದವು. ಪ್ರೀತಿಸುತ್ತೇನೆ ಎಂಬ ಪದ ನಾಲಿಗೆಗೆ ಬಂದರೆ ಮನಸ್ಸು ದೇವರನ್ನು ಪ್ರೀತಿಸುವುದರಲ್ಲಿ ಮುಳುಗಿ, ಮುಂದಿನ ರೂಪ ಮರೆತೇಹೋಗುತ್ತಿತ್ತೆಂದು ಅವರ ಚರಿತ್ರೆಕಾರರು ಬರೆದಿದ್ದಾರೆ. ಬೇರೆಯವರಾದರೆ ಇದನ್ನು ವರವೆಂದು ಹಿಗ್ಗುತ್ತಿದ್ದರು. ಅವರಾದರೋ ತಮ್ಮನ್ನೇ ಶೋಧಿಸಿಕೊಂಡರು. ಪ್ರಾರ್ಥನೆಯಲ್ಲಿಯೂ ಬಲಿಪೂಜೆಯಲ್ಲಿಯೂ ಬಾರದ ಈ ಉಜ್ವಲ ಅನುಭವ ಪಾಠದ ಹೊತ್ತಿಗೇ ಏಕೆ ಬರಬೇಕು? ಇದು ಶೋಧನೆಯೇ ಸರಿ ಎಂದು ಕ್ರಮೇಣ ಅವರಿಗೆ ಹೊಳೆಯಿತು.

ಆಗ ಅವರು ಉಪಾಧ್ಯಾಯರನ್ನು ಸಾಂತಾ ಮರಿಯಾ ದೆಲ್ ಮಾರ್ ದೇವಾಲಯಕ್ಕೆ ಕರೆದೊಯ್ದು ಎಲ್ಲವನ್ನೂ ಬಿನ್ನವಿಸಿದರು. ಬಾರ್ಸಿಲೋನದಲ್ಲಿ ರೊಟ್ಟಿ ನೀರು ದೊರೆಯುವವರೆಗೆ ಎರಡು ವರ್ಷ ಒಂದು ಪಾಠವನ್ನೂ ತಪ್ಪಿಸುವುದಿಲ್ಲವೆಂದು ಮಾತು ಕೊಟ್ಟರು. ಅಲಕ್ಷ್ಯ ಕಂಡರೆ ಅತಿ ಚಿಕ್ಕ ಹುಡುಗನನ್ನು ದಂಡಿಸುವಂತೆಯೇ ತಮ್ಮನ್ನೂ ದಂಡಿಸಬೇಕೆಂದು ಬೇಡಿಕೊಂಡರೆಂದೂ ಹೇಳುತ್ತಾರೆ. ಅನಂತರ ಬಾರ್ಸಿಲೋನದಲ್ಲಿ ಆ ಶೋಧನೆ ಮತ್ತೆ ಬರಲಿಲ್ಲ.

1526ರಲ್ಲಿ ಅಲ್ಕಲಾ, ಮರುವರ್ಷ ಸಲಮಾಂಕ. ಎರಡೂ ಕಡೆ ವಿಚಾರಣೆ, ಸೆರೆವಾಸ. 1528ರಲ್ಲಿ ಪ್ಯಾರಿಸಿಗೆ ಬಂದಾಗ ಆತುರದ ಓದಿನಿಂದ ತಳಹದಿಯೇ ಸಡಿಲವಾಗಿರುವುದನ್ನು ಕಂಡು, ಮೋಂತೆಗ್ಯೂ ಕಾಲೇಜಿನಲ್ಲಿ ಮತ್ತೊಮ್ಮೆ ಹುಡುಗರ ನಡುವೆ ಕುಳಿತು ಲತೀನನ್ನು ಕಲಿತರು. ಮುಂದಿನ ವರ್ಷ ಸೇಂತ್ ಬಾರ್ಬ್ ಕಾಲೇಜಿನಲ್ಲಿ ಒಂದೇ ಕೋಣೆಯಲ್ಲಿ ಇಬ್ಬರು ತರುಣರು ಜೊತೆಯಾದರು. ಓದಿನಲ್ಲಿ ಅವರಿಗೆ ನೆರವಾದ ಪೀಟರ್ ಫೇಬರ್ ಒಬ್ಬರು. ಮತ್ತೊಬ್ಬರು, 1542ರಲ್ಲಿ ಗೋವೆಯ ನೆಲದ ಮೇಲೆ ಕಾಲಿಟ್ಟ ಫ್ರಾನ್ಸಿಸ್ ಜೇವಿಯರ್.