ಡಾಕ್ಟರ್ ಹರ್ಮನ್ ಮೋಗ್ಲಿಂಗ್

ಕನ್ನಡಕ್ಕಾಗಿ ದುಡಿದವರೆಲ್ಲ ಕನ್ನಡನಾಡಿನಲ್ಲಿಯೇ ಹುಟ್ಟಿದವರಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು ಪರಭಾಷೆಯವರ ನಡುವೆ ಸಂಸಾರ ಹೂಡಿರುವ ನಾವು, ತನ್ನ ದೇಶವನ್ನು ಬಿಟ್ಟು ನಮ್ಮವರ ನಡುವೆ ಬಂದು ನಮ್ಮ ನುಡಿಯನ್ನು ಕಲಿತ ಒಬ್ಬ ಮಹನೀಯರನ್ನು ಈ ರಾಜ್ಯೋತ್ಸವದಂದು ನೆನೆಯುವುದು ಉಚಿತವೇ ಸರಿ.

ಹರ್ಮನ್ ಮೋಗ್ಲಿಂಗ್ ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ 1811ರಲ್ಲಿ ಜನಿಸಿದರು. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರವನ್ನು ಓದಿದರು. ಮುಂದೆ ಮಲಯಾಳಕ್ಕೆ ನಿಘಂಟು ರಚಿಸಿಕೊಟ್ಟ ಗುಂಡರ್ಟ್ ಅವರು ಇವರ ಆಪ್ತಮಿತ್ರರು. ಬಾಸೆಲ್ ಮಿಶನ್ ಮಂಗಳೂರಿನಲ್ಲಿ ನೆಲೆಯೂರಿದ್ದು 1834ರಲ್ಲಿ. ಮೋಗ್ಲಿಂಗರು ಬಂದದ್ದು 1836ರಲ್ಲಿ. ಆಗ ಅವರಿಗೆ ವಯಸ್ಸು ಇಪ್ಪತ್ತೈದು.

ಬಂದ ಉದ್ದೇಶ ಮತಪ್ರಚಾರ. ಅದನ್ನು ಮರೆಮಾಚಬೇಕಾದ ಕಾರಣವಿಲ್ಲ. ಆದರೆ ಹಳ್ಳಿಯ ಮನಸ್ಸು ಹೊರಗಿನವರಿಗೆ ಸುಲಭವಾಗಿ ಒಲಿಯುವಂಥದಲ್ಲ. ಹುಬ್ಬಳ್ಳಿಯ ಕಡೆ ಕಾಲಜ್ಞಾನದ ವಾಣಿಗಳನ್ನು ನಂಬಿದ್ದ ಜನ ಇವರ ಬಳಿಗೆ ಬಂದಾಗ, ಊರಿಗೆ ಊರೇ ಕ್ರೈಸ್ತವಾದೀತೆಂದು ಪಾದ್ರಿಗಳು ಹಿಗ್ಗಿದರು. ಗದಗಿನ ಬಳಿ ಮಲ್ಲಸಮುದ್ರದಲ್ಲಿ ಒಕ್ಕಲುತನದ ನೆಲೆಯೊಂದನ್ನೂ ಹೂಡಿದರು. ಬಂದವರು ನಿರೀಕ್ಷಿಸಿದ್ದು ಒಂದು, ಪಾದ್ರಿಗಳು ತಿಳಿದದ್ದು ಇನ್ನೊಂದು. ಆ ನೆಲೆ ಉಳಿಯಲಿಲ್ಲ.

ಜನರ ನುಡಿಯನ್ನು ಬಲ್ಲವನು ಜನರು ಓದುವ ಗ್ರಂಥಗಳನ್ನೂ ಬಲ್ಲವನಾಗಬೇಕಷ್ಟೆ. 1841ರಲ್ಲಿ ಮಂಗಳೂರಿನಲ್ಲಿ ಮಿಶನ್ನಿನ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು. 1843ರ ಜುಲೈ 1ರಂದು ಮೋಗ್ಲಿಂಗರು ಅಲ್ಲಿಂದ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ, ಬೆಲೆ ಒಂದು ದುಡ್ಡು. ಊರ ವರ್ತಮಾನ, ಸರಕಾರದ ಕಾನೂನು, ಪರದೇಶದ ಸುದ್ದಿ ಅದರಲ್ಲಿ ಬರುತ್ತಿದ್ದವು. ಮರುವರ್ಷ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು. ಕನ್ನಡದ ಪ್ರಥಮ ವೃತ್ತಪತ್ರಿಕೆಯೆಂದು ಅದನ್ನು ಗೌರವಿಸಿ, ಕರ್ನಾಟಕದಲ್ಲಿ ಇಂದಿಗೂ ಜುಲೈ 1ನ್ನು ಪತ್ರಿಕಾ ದಿನವಾಗಿ ಆಚರಿಸುತ್ತಾರೆ.

1848ರಿಂದ ಅವರು 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಗ್ರಂಥಮಾಲೆಯನ್ನು ಕೈಗೊಂಡರು. ಕ್ಯಾಸಮೇಜರ್ ಎಂಬ ಇಂಗ್ಲಿಷ್ ಗೃಹಸ್ಥರು ಹಣ ಒದಗಿಸಿದರು. ಓಲೆಗರಿಗಳಲ್ಲಿ, ಕೈಬರಹದ ಕಟ್ಟುಗಳಲ್ಲಿ ಅಡಗಿದ್ದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು, ಯಕ್ಷಗಾನದ ರಾವಣ ದಿಗ್ವಿಜಯ ಮೊದಲಾದವು ಅಚ್ಚಿನಲ್ಲಿ ಬೆಳಕು ಕಂಡವು. ಯಾವ ದೇವರುಗಳನ್ನು ಬಿಟ್ಟುಬಿಡಿರೆಂದು ಬೋಧಿಸಲು ಬಂದರೋ ಆ ದೇವರುಗಳ ಸ್ತುತಿಯನ್ನು ಅಕ್ಷರ ತಪ್ಪದಂತೆ ಉಳಿಸಿಕೊಟ್ಟವರೂ ಅವರೇ!

1853ರ ಹೊತ್ತಿಗೆ ಸ್ವದೇಶಕ್ಕೆ ಮರಳಬೇಕೆಂದಿದ್ದ ಮೋಗ್ಲಿಂಗರ ಬದುಕು ಕೊಡಗಿನತ್ತ ತಿರುಗಿತು. ಅಲ್ಮಂಡ ಸೋಮಯ್ಯನೆಂಬ ಕೊಡವನು ಮಂಗಳೂರಿಗೆ ಬಂದು ಕ್ರೈಸ್ತನಾಗಿ ಸ್ಟೆಫನಾಸ್ ಎಂಬ ಹೆಸರು ಪಡೆದನು. ಅವನ ಜತೆಯಲ್ಲಿ ಪಾದ್ರಿಗಳೂ ಮಲೆಯೇರಿದರು. ಕೊಡವರಲ್ಲಿ ಮನುಷ್ಯನ ಗುರುತೆಲ್ಲ ಒಕ್ಕದಲ್ಲಿ ಅಡಗಿದೆ. ಹೊಲ, ಗದ್ದೆ, ಹಿರಿಯರ ಕಾರಣ, ಹಬ್ಬಹುಣ್ಣಿಮೆ ಎಲ್ಲವೂ ಒಕ್ಕದ್ದೇ. ಅದರಿಂದ ಹೊರಬಿದ್ದವನಿಗೆ ಎಲ್ಲಿ ನೆಲೆ? ಒಂದು ಕಡೆ ಅವನ ನಂಬಿಕೆ, ಇನ್ನೊಂದು ಕಡೆ ಕರುಳಿನವರ ನೋವು. ಎರಡನ್ನೂ ನಾವು ಹಗುರವಾಗಿ ಕಾಣಲಾರೆವು. ತಾವು ತಂದ ಮತವು ಒಂದು ಮನೆಯನ್ನು ಎರಡು ಮಾಡಿದ ಆ ಬೇಗೆಯ ನಡುವೆಯೇ ಮೋಗ್ಲಿಂಗರು ನಿಂತರು.

ಕೊಡಗಿನಲ್ಲಿ ಅವರ ಮಾತು ಹೆಚ್ಚಾಗಿ ನಾಟಿದ್ದು ಒಕ್ಕದ ಯಜಮಾನರಲ್ಲಿ ಅಲ್ಲ, ಜಮ್ಮಾ ಭೂಮಿಗೆ ಅಂಟಿಕೊಂಡು, ಮುಟ್ಟಬಾರದವರೆನಿಸಿ, ತಲೆತಲಾಂತರ ಜೀತ ಮಾಡುತ್ತಿದ್ದ ಬಡವರಲ್ಲಿ. ದುಡಿಮೆ ತಪ್ಪಿದರೆ ಅನ್ನ ತಪ್ಪುವ ಜನರಿಗೆ ಬರಿಯ ಬೋಧೆ ಸಾಲದೆಂದರಿತು, ಕಾಡು ಕಡಿದು, ಸಾಲ ಮಾಡಿ, ಕಾಫಿ ತೋಟ ಹಾಕಿ, ಅವರಿಗಾಗಿ ಆನಂದಪುರವೆಂಬ ಹಳ್ಳಿಯನ್ನು ಕಟ್ಟಿಸಿದರು. ವ್ಯವಹಾರದ ಲೆಕ್ಕದಲ್ಲಿ ಅದು ಭಾರವೇ ಆಯಿತು. ಆದರೆ ತಮ್ಮದೆಂದು ಹೇಳಿಕೊಳ್ಳಲು ಒಂದು ಗುಡಿಸಲೂ ಇಲ್ಲದವರಿಗೆ ಊರೊಂದು ದೊರೆಯಿತು. ಆ ಊರು ಇಂದಿಗೂ ಸಿದ್ದಾಪುರದ ಬಳಿ ಇದೆ. ಕೊಡಗಿನ ಚರಿತ್ರೆಯನ್ನು ಕುರಿತು ಅವರು ಬರೆದ ಇಂಗ್ಲಿಷ್ ಗ್ರಂಥ 1855ರಲ್ಲಿ ಪ್ರಕಟವಾಯಿತು.

1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಕನ್ನಡದ ಸೇವೆಗಾಗಿ ಅವರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತಿತು. 1860ರಲ್ಲಿ, ಪತ್ನಿಯ ಅನಾರೋಗ್ಯದ ಕಾರಣದಿಂದ, ಅವರು ಸ್ವದೇಶಕ್ಕೆ ಮರಳಿದರು. 1881ರ ಮೇ ತಿಂಗಳಲ್ಲಿ ಎಸ್ಲಿಂಗನ್ ಪಟ್ಟಣದಲ್ಲಿ ಕಾಲವಾದರು.

ಅವರ ಮತದ ಮಾತನ್ನು ಒಪ್ಪುವವರೂ ಒಪ್ಪದವರೂ ನಮ್ಮಲ್ಲಿದ್ದಾರೆ. ಆದರೆ ಇಪ್ಪತ್ತೈದರ ಹರೆಯದಲ್ಲಿ ಕನ್ನಡದ ಅಕ್ಷರ ತಿದ್ದಲು ಕುಳಿತು, ಮುಂದೆ ಕನ್ನಡಿಗರಿಗೇ ಪತ್ರಿಕೆಯನ್ನೂ ಪುಸ್ತಕವನ್ನೂ ಕೊಟ್ಟ ಆ ಶ್ರದ್ಧೆಯನ್ನು ಒಪ್ಪದವರು ಯಾರು? ಈ ಊರಿನಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಕನ್ನಡ ಕಷ್ಟವೆಂದು ನಾವು ಆಗಾಗ ಹೇಳಿಕೊಳ್ಳುತ್ತೇವೆ. ಇನ್ನು ಮುಂದೆ ಹಾಗೆ ಹೇಳುವ ಮುನ್ನ ಮೋಗ್ಲಿಂಗರನ್ನು ಒಮ್ಮೆ ನೆನೆಯೋಣ.