ಢಕ್ಕೆಯ ಬೊಮ್ಮಣ್ಣ

*ಇಂದಿನ ಚಿಂತನೆ*



ಢಕ್ಕೆಯ ಬೊಮ್ಮಣ್ಣನವರು 12ನೇ ಶತಮಾನದ ಶರಣರು. ಮಾರಿಯನ್ನು ಹೊತ್ತು, ಢಕ್ಕೆ ಬಾರಿಸುತ್ತ ತಿರುಗುವುದು ಅವರ ಕಾಯಕ. ಢಕ್ಕೆ ಎಂದರೆ ನಡು ಸಣ್ಣಗಿರುವ, ಎರಡೂ ಬದಿಗೆ ಚರ್ಮ ಬಿಗಿದ ವಾದ್ಯ. ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ದುರಗಮುರಗಿಯವರನ್ನು ಕಂಡವರಿಗೆ ಈ ಬದುಕನ್ನು ಬಿಡಿಸಿ ಹೇಳಬೇಕಿಲ್ಲ. ತಲೆಯ ಮೇಲೆ ದೇವಿಯ ಪೆಟ್ಟಿಗೆ ಹೊತ್ತ ತಾಯಿ, ಉರುಮಿಯ ಸದ್ದು, ಮೈಗೆ ಚಾಟಿ ಬೀಸಿಕೊಂಡು ಕುಣಿಯುವ ಗಂಡಸು, ಕೊನೆಗೆ ಹಿಡಿ ಜೋಳ.

ಅಕ್ಷರ ಕೆಲವೇ ಮನೆಗಳ ಆಸ್ತಿಯಾಗಿದ್ದ ಕಾಲದಲ್ಲಿ ಈ ವಾದ್ಯಗಾರ ಶರಣರ ಸಾಲಿನಲ್ಲಿ ಕುಳಿತರು, ವಚನ ಕಟ್ಟಿದರು. ಕಾಲಾಂತಕ ಭೀಮೇಶ್ವರಲಿಂಗ ಎಂಬ ಅಂಕಿತದ ಅವರ ಸುಮಾರು 90 ವಚನಗಳು ಇಂದಿಗೂ ಉಳಿದಿವೆ. ಹೆಸರಿನ ಮುಂದಿನ ಢಕ್ಕೆಯೂ ಉಳಿದಿದೆ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನವರಂತೆ ಇವರಿಗೂ ಕಸುಬಿನ ಹೆಸರೇ ಗೌರವದ ಹೆಸರಾಯಿತು. ಅವರದು ಲಿಂಗದ ದಾರಿ, ನಮ್ಮದು ಧಮ್ಮದ ದಾರಿ. ಆದರೂ ಅವರ ಬದುಕು ನಮಗೊಂದು ಪ್ರಶ್ನೆ ಹಾಕುತ್ತದೆ: ವಾದ್ಯ ಬಾರಿಸುವುದು ಅವಮಾನವೇ?

ಬಾಬಾಸಾಹೇಬರು 1927ರಲ್ಲಿ ಮಹಾಡದಲ್ಲಿ ಹೀನವೆನಿಸಿದ ಬಿಟ್ಟಿ ಕೆಲಸಗಳನ್ನು ಬಿಡಿ ಎಂದು ಕರೆಕೊಟ್ಟರು. ಜಾತ್ರೆಗೆ, ಹೆಣಕ್ಕೆ ಹಲಗೆ ಬಾರಿಸೆವು ಎಂದದ್ದಕ್ಕೆ ನಮ್ಮವರು ಬಹಿಷ್ಕಾರ ಅನುಭವಿಸಿದ ಊರುಗಳಿವೆ. ಅದೇ ಹಲಗೆಯನ್ನು ಇಂದು ಏಪ್ರಿಲ್ 14ರ ಮೆರವಣಿಗೆಯಲ್ಲಿ ಎದೆಯುಬ್ಬಿಸಿ ಬಾರಿಸುತ್ತೇವೆ. ಹಲಗೆ ಅದೇ, ಕೈಯೂ ಅದೇ. ಬದಲಾದದ್ದು ಯಾರ ಅಪ್ಪಣೆಗೆ ಬಾರಿಸುತ್ತೇವೆ ಎಂಬುದು.

ಢಕ್ಕೆಯಂತೆಯೇ ನಡು ಸಣ್ಣಗಿರುವ ಜಾಂಗು ಎಂಬ ವಾದ್ಯ ದೂರದ ಕೊರಿಯಾದಲ್ಲಿದೆ. ಆ ನಾಡಿನಲ್ಲಿ ವೊನ್‌ಹ್ಯೋ (617–686) ಎಂಬ ಮಹಾಪಂಡಿತ ಭಿಕ್ಖು ಇದ್ದರು. ಸೂತ್ರಗಳಿಗೆ ಭಾಷ್ಯ ಬರೆದವರು. ಅವರು ಒಂದು ಸೋರೆಬುರುಡೆ ಹಿಡಿದು, ಹಳ್ಳಿಹಳ್ಳಿಗಳಲ್ಲಿ ಹಾಡಿ ಕುಣಿದು, ಓದುಬರಹವಿಲ್ಲದ ಬಡವರಿಗೆ ಬುದ್ಧನ ಹೆಸರು ಮುಟ್ಟಿಸಿದರೆಂದು ಅಲ್ಲಿನ ಹಳೆಯ ಗ್ರಂಥ ಹೇಳುತ್ತದೆ. ಆ ಕುಣಿತದ ಹೆಸರು ಮುಆಯೆ, ಅಂದರೆ ತಡೆಯಿಲ್ಲದ್ದು. ಮುಂದೆ ಅದು ಅರಮನೆಯ ನೃತ್ಯವೂ ಆಯಿತು.

ಪಂಡಿತರು ಕುಣಿತಕ್ಕೆ ಇಳಿದಾಗ ಲೋಕ ಮೆಚ್ಚುತ್ತದೆ, ಏಕೆಂದರೆ ಅದು ಅವರ ಆಯ್ಕೆ. ಕುಣಿಯುವವರು ಮಾತಿಗೆ ಬಂದಾಗ ಜಾಗ ಬಿಡಲು ಹಿಂಜರಿಯುತ್ತದೆ. ಬೊಮ್ಮಣ್ಣನವರು ಆ ಕಷ್ಟದ ದಾರಿಯಲ್ಲಿ ನಡೆದವರು. ಅವಮಾನ ಚರ್ಮದಲ್ಲಿಲ್ಲ, ನಾದದಲ್ಲಿಲ್ಲ. ಹುಟ್ಟಿನಿಂದ ಹೇರಿದ ಕಡ್ಡಾಯದಲ್ಲಿದೆ.

ಮುಂದಿನ ಸಲ ಓಣಿಗೆ ಉರುಮಿಯ ಸದ್ದು ಬಂದಾಗ, ಜೋಳ ಹಾಕುವುದರ ಜೊತೆಗೆ ಒಂದು ಮಾತು ಕೇಳೋಣ: ಅಕ್ಕಾ, ನಿನ್ನ ಮಗು ಯಾವ ಸಾಲಿಗೆ ಹೋಗ್ತೈತಿ?

ಜೈ ಭೀಮ್. ನಮೋ ಬುದ್ಧಾಯ 🙏